ಭಿನ್ನರಾಶಿ ಇರುವ ಬೀಜೋಕ್ತಿ: ಲೆಕ್ಕ ಕೆಟ್ಟದ್ದು ಯಾವ ಸಾಲಿನಲ್ಲಿ?

ಎಂಟು ಸಾಲಿನ ಲೆಕ್ಕ ತಪ್ಪಿತೆಂದರೆ ಎಂಟೂ ಸಾಲು ತಪ್ಪಿರುವುದಿಲ್ಲ. ಸಾಮಾನ್ಯವಾಗಿ ಒಂದೇ ಸಾಲು ಕೆಟ್ಟಿರುತ್ತದೆ, ಅದರ ಕೆಳಗಿನ ಸಾಲುಗಳು ಆ ತಪ್ಪನ್ನು ಹೊತ್ತುಕೊಂಡು ಬಂದಿರುತ್ತವೆ, ಅಷ್ಟೇ. ಆದರೂ ಪುಸ್ತಕದ ಕೊನೆಯ ಪುಟ ನೋಡಿ ಉತ್ತರ ಹೊಂದಲಿಲ್ಲ ಅಂದ ತಕ್ಷಣ ಹೆಚ್ಚಿನ ಮಕ್ಕಳು ಇಡೀ ಲೆಕ್ಕಕ್ಕೆ ಗೀಟು ಹೊಡೆದು ಮೊದಲಿಂದ ಶುರು ಮಾಡುತ್ತಾರೆ. ಕೈ ಅದೇ, ರೂಢಿ ಅದೇ. ಹಾಗಾಗಿ ಎಡವುವ ಜಾಗವೂ ಅದೇ ಆಗುತ್ತದೆ.

ಈ ಕೈಪಿಡಿ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಂಟರಿಂದ ಹತ್ತನೇ ತರಗತಿಯ ಮಕ್ಕಳಿಗೆ, ಮನೆಯಲ್ಲಿ ಕೂತು ಹೇಳಿಕೊಡುವ ಅಕ್ಕ ಅಣ್ಣಂದಿರಿಗೆ, ಟ್ಯೂಷನ್ ಹೇಳುವವರಿಗೆ. ಪುಸ್ತಕದಲ್ಲಿ ಎಕ್ಸ್ ಇರುವ ಕಡೆ ಇಲ್ಲಿ ಯ ಎಂದು ಬರೆದಿದೆ. ಎರಡು ಅಕ್ಷರ ಬೇಕಾದಾಗ ಅ, ಬ. ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಬೀದರ್ ಗಡಿಯಲ್ಲಿ ಮರಾಠಿ ಮಾಧ್ಯಮದಿಂದ ಬಂದ ಮಕ್ಕಳಿಗೂ ಇವೇ ಎರಡು ಪದ. ಅವರು ಲಸಾವಿ ಅನ್ನುವುದು ನಮ್ಮ ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ. ಇಲ್ಲಿ ಗೆರೆಯ ಬದಲು / ಹಾಕಿದೆ, ಹಾಗಾಗಿ ಆವರಣಗಳನ್ನು ಗಮನವಿಟ್ಟು ಓದಿ.

## ಮೊದಲ ತಪಾಸಣೆ: ಒಂದು ಸಂಖ್ಯೆ ಹಾಕಿ ನೋಡಿ

ಖರ್ಚಿಲ್ಲದ, ಎರಡು ನಿಮಿಷದ ಪರೀಕ್ಷೆ ಇದು. ಮೂಲ ಬೀಜೋಕ್ತಿಯಲ್ಲಿ ಯ ಜಾಗಕ್ಕೆ ಒಂದು ಸಂಖ್ಯೆ ಹಾಕಿ ಬೆಲೆ ತೆಗೆಯಿರಿ. ಅದೇ ಸಂಖ್ಯೆಯನ್ನು ನಿಮ್ಮ ಕೊನೆಯ ಉತ್ತರದಲ್ಲೂ ಹಾಕಿ. ಎರಡು ಬೆಲೆ ಬೇರೆ ಬೇರೆ ಬಂದರೆ ಲೆಕ್ಕ ಖಂಡಿತ ತಪ್ಪಿದೆ. ಒಂದೇ ಬಂದರೆ ಇನ್ನೊಂದು ಸಂಖ್ಯೆ ಹಾಕಿ ನೋಡಿ. ಎರಡಕ್ಕೂ ಹೊಂದಿದರೆ ತಪ್ಪಿರುವ ಸಾಧ್ಯತೆ ಬಹಳ ಕಡಿಮೆ.

ಯಾವ ಸಂಖ್ಯೆ ಹಾಕಬೇಕು ಅನ್ನುವುದು ಮುಖ್ಯ. ಸೊನ್ನೆ ಬೇಡ: ಯ, 5ಯ, ಯ² ಎಲ್ಲವೂ ಸೊನ್ನೆಯೇ ಆಗಿ ತಪ್ಪು ಅಡಗಿಕೊಳ್ಳುತ್ತದೆ. 1 ಬೇಡ: ಯ, ಯ², ಯ³ ಮೂರೂ 1 ಆಗುವುದರಿಂದ ಘಾತದ ತಪ್ಪು ಕಾಣುವುದಿಲ್ಲ. 2 ಕೂಡ ಅಷ್ಟು ಒಳ್ಳೆಯದಲ್ಲ, ಏಕೆಂದರೆ 2+2, 2×2, 2² ಮೂರೂ 4. ಕೂಡಬೇಕಾದಲ್ಲಿ ಗುಣಿಸಿದ್ದರೂ ಅದು ಹೇಳುವುದಿಲ್ಲ. 3, 5, 10 ಒಳ್ಳೆಯ ಸಂಖ್ಯೆಗಳು. ಹಾಕಿದ ಸಂಖ್ಯೆಯಿಂದ ಯಾವುದಾದರೂ ಛೇದ ಸೊನ್ನೆ ಆದರೆ ಅದನ್ನು ಬಿಟ್ಟು ಬೇರೆ ಹಿಡಿಯಿರಿ.

ತಪ್ಪಿದೆ ಎಂದು ಗೊತ್ತಾದ ಮೇಲೆ ಕೆಟ್ಟ ಸಾಲು ಹುಡುಕಬೇಕು. ಮೇಲಿಂದ ಒಂದೊಂದೇ ಸಾಲು ನೋಡುತ್ತ ಬರುವ ಅಗತ್ಯವಿಲ್ಲ. ಎಂಟು ಸಾಲು ಇದ್ದರೆ ನಾಲ್ಕನೇ ಸಾಲಿಗೆ ಅದೇ ಸಂಖ್ಯೆ ಹಾಕಿ. ಅಲ್ಲಿ ಬೆಲೆ ಸರಿ ಇದ್ದರೆ ದೋಷ ಕೆಳಗಿನ ಅರ್ಧದಲ್ಲಿದೆ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ಆ ಅರ್ಧವನ್ನೂ ಹಾಗೇ ಅರ್ಧ ಮಾಡಿ. ಹೊಲದ ಪೈಪಿನಲ್ಲಿ ನೀರು ನಿಂತರೆ ನಡುವಿನ ಜೋಡಣೆ ಬಿಚ್ಚಿ ನೋಡುವ ಹಾಗೆ. ಮೂರು ಸಲ ನೋಡುವಷ್ಟರಲ್ಲಿ ಕೆಟ್ಟ ಸಾಲು ಕೈಗೆ ಸಿಗುತ್ತದೆ.

ಇನ್ನೊಂದು ಸುಳಿವು ಬಹಳ ಜನ ಬಳಸುವುದಿಲ್ಲ, ಆದರೆ ಇದು ತುಂಬ ಕೆಲಸಕ್ಕೆ ಬರುತ್ತದೆ. ನಿಮ್ಮ ಉತ್ತರದ ಬೆಲೆಯನ್ನು ಮೂಲದ ಬೆಲೆಯಿಂದ ಭಾಗಿಸಿ. ಎರಡು ಬೇರೆ ಬೇರೆ ಸಂಖ್ಯೆಗೂ −1 ಬಂದರೆ ಎಲ್ಲೋ ಇಡೀ ಬೀಜೋಕ್ತಿಯ ಚಿಹ್ನೆ ತಿರುಗಿದೆ. ಎರಡಕ್ಕೂ 6 ಅಥವಾ 12ರಂಥ ಒಂದೇ ಸಂಖ್ಯೆ ಬಂದರೆ ಛೇದ ಕಳೆದುಹೋಗಿದೆ. ಭಾಗಿಸುವ ಬದಲು ಗುಣಿಸಿದಾಗ ಎರಡು ಸಲವೂ 1 ಬಂದರೆ ಭಿನ್ನರಾಶಿ ತಲೆಕೆಳಗಾಗಿದೆ. ಸಂಖ್ಯೆ ಬದಲಿಸಿದಂತೆ ಭಾಗಲಬ್ಧವೂ ಬೇರೆ ಬೇರೆ ಬರುತ್ತಿದ್ದರೆ ಮೊದಲು ಅನುಮಾನಪಡಬೇಕಾದದ್ದು ಪದಗಳನ್ನು ಕಟ್ ಮಾಡಿದ್ದರ ಮೇಲೆ.

## ಲಕ್ಷಣ: ಮೊದಲ ಸಾಲೇ ಪುಸ್ತಕದ ಸಾಲಿನಂತಿಲ್ಲ

ಬೀಜಗಣಿತದ ತಪ್ಪು ಹುಡುಕುವ ಮೊದಲು ನಕಲು ಮಾಡಿದ್ದನ್ನು ನೋಡಿ. ಕೈಬರಹದಲ್ಲಿ ಎಕ್ಸ್ ಅಕ್ಷರ ಮತ್ತು ಗುಣಾಕಾರದ ಚಿಹ್ನೆ ಒಂದೇ ಥರ ಕಾಣುತ್ತವೆ. ಎಕ್ಸ್ ಬರೆಯುವಾಗ ಎರಡು ಬಾಗು ಬೆನ್ನಿಗೆ ಬೆನ್ನು ತಾಗುವಂತೆ ಬರೆಯಲು ರೂಢಿಸಿಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಗೆರೆಯ ಉದ್ದ ಅದಕ್ಕಿಂತ ದೊಡ್ಡ ಸಮಸ್ಯೆ. ಯ+6ರ ಅಡಿಯಲ್ಲಿ ಪೂರ್ತಿ ಗೆರೆ ಎಳೆದು ಕೆಳಗೆ 2 ಬರೆದರೆ ಅದು (ಯ+6)/2. ಗೆರೆ 6ರ ಅಡಿಗಷ್ಟೇ ಇದ್ದರೆ ಅದು ಯ+3. ಯ=10 ಹಾಕಿದರೆ ಮೊದಲನೆಯದು 8, ಎರಡನೆಯದು 13. ಮೊಬೈಲಿನಲ್ಲಿ ಪ್ರಶ್ನೆ ಟೈಪ್ ಮಾಡಿ ಕಳಿಸುವಾಗ ಈ ತಪ್ಪು ಇನ್ನೂ ಹೆಚ್ಚು. ವಾಟ್ಸ್ಆಪ್‌ನಲ್ಲಿ ಗೆರೆ ಬರುವುದಿಲ್ಲ, ಆವರಣ ಬಿಟ್ಟರೆ ನೋಡಿದವರು ಬೇರೆಯೇ ಲೆಕ್ಕ ಬಿಡಿಸಿ ಕಳಿಸುತ್ತಾರೆ. ಅಂಶದಲ್ಲಿ ಒಂದಕ್ಕಿಂತ ಹೆಚ್ಚು ಪದ ಇದ್ದರೆ ಅದಕ್ಕೊಂದು ಆವರಣ, ಛೇದದಲ್ಲಿ ಇದ್ದರೆ ಅದಕ್ಕೂ ಒಂದು. ಅಥವಾ ಪುಟದ ಫೋಟೋ ಕಳಿಸಿ.

## ಲಕ್ಷಣ: ಉತ್ತರ ವಿಪರೀತ ಚಿಕ್ಕದಾಗಿದೆ, ಪದಗಳು ಮಾಯವಾಗಿವೆ

"ಸರ್, ಮ್ಯಾಲ 6 ಅದ, ಕೆಳಗ 6 ಅದ, ಯಾಕ ಹೊಡಿಬಾರ್ದು?" ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಮಗು ಮುಂದೆ ಅರ್ಧ ತಪ್ಪುಗಳನ್ನು ಮಾಡುವುದೇ ಇಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

(ಯ+6)/6 ಇದೆ. ಮೇಲಿನ 6, ಕೆಳಗಿನ 6 ಹೊಡೆದು ಯ ಎಂದು ಬರೆದಿದ್ದೀರಿ. ಯ=12 ಹಾಕಿ: ಮೂಲ 18/6, ಅಂದರೆ 3. ನಿಮ್ಮ ಉತ್ತರ 12. ಯಾಕೆ ಹೀಗಾಯಿತು? ಬುಟ್ಟಿಯಲ್ಲಿ ಯ ಜೋಳದ ರೊಟ್ಟಿ ಇವೆ, ಒಲೆಯಿಂದ ಇನ್ನೂ 6 ಬಂದವು, ಉಣ್ಣಲು ಕೂತವರು 6 ಜನ. ಪ್ರತಿಯೊಬ್ಬರಿಗೆ ಹೊಸ ರೊಟ್ಟಿಯಲ್ಲಿ ಒಂದೊಂದು ಬಂತು, ಬುಟ್ಟಿಯದರಲ್ಲಿ ಯ/6 ಬಂತು. ಒಟ್ಟು ಯ/6 + 1. ಯ ಎಂದು ಬರೆದರೆ ಬುಟ್ಟಿಯ ರೊಟ್ಟಿಯನ್ನೆಲ್ಲ ಪ್ರತಿಯೊಬ್ಬರಿಗೂ ಕೊಟ್ಟಂತಾಯಿತು, ಹೊಸ ಆರು ರೊಟ್ಟಿ ಲೆಕ್ಕಕ್ಕೇ ಬರಲಿಲ್ಲ.

ಕಟ್ ಮಾಡುವುದು ಎಂದರೆ ಅಂಶ ಮತ್ತು ಛೇದ ಎರಡನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದು. ಅಂಶವನ್ನು ಭಾಗಿಸಿದರೆ ಅದರ ಎಲ್ಲ ಪದಗಳೂ ಭಾಗವಾಗಬೇಕು. ಆದ್ದರಿಂದ ಹೊಡೆಯಬಹುದಾದದ್ದು ಇಡೀ ಅಂಶವನ್ನೂ ಇಡೀ ಛೇದವನ್ನೂ ಗುಣಿಸುತ್ತಿರುವ ಅಪವರ್ತನವನ್ನು ಮಾತ್ರ. ಕೂಡು ಅಥವಾ ಕಳೆ ಚಿಹ್ನೆಯಿಂದ ಪಕ್ಕದ ಪದಕ್ಕೆ ಅಂಟಿಕೊಂಡದ್ದನ್ನು ಹೊಡೆಯಲಾಗದು. 6ಯ/6 ಇದ್ದರೆ ಹೊಡೆಯಿರಿ. (6ಯ+6)/6 ಇದ್ದರೆ ಮೊದಲು 6(ಯ+1)/6 ಮಾಡಿ, ಆಮೇಲೆ ಹೊಡೆಯಿರಿ, ಉತ್ತರ ಯ+1.

ಈ ತಪ್ಪು ಬೇರು ಬಿಡುವುದಕ್ಕೆ ಒಂದು ಕಾರಣವಿದೆ. ಕೆಲವು ಸಲ ಅದು ಸರಿ ಉತ್ತರ ಕೊಟ್ಟುಬಿಡುತ್ತದೆ! (ಯ²−9)/(ಯ−3) ನೋಡಿ. ಒಬ್ಬ ಹುಡುಗ ಯ² ಅನ್ನು ಯ ಇಂದ ಹೊಡೆದು ಯ ಬರೆದ, 9ನ್ನು 3ರಿಂದ ಹೊಡೆದು 3 ಬರೆದ, ಎರಡು ಮೈನಸ್ ಸೇರಿ ಪ್ಲಸ್ ಆಯಿತು ಅಂದ. ಯ+3. ಉತ್ತರ ಸರಿ, ದಾರಿ ಪೂರ್ತಿ ತಪ್ಪು. ಸರಿಯಾದ ದಾರಿ: ಯ²−9 ಎಂದರೆ (ಯ−3)(ಯ+3), ಅದರಲ್ಲಿ ಯ−3 ಎಂಬ ಇಡೀ ಅಪವರ್ತನ ಹೋಗುತ್ತದೆ. ಆ ಹುಡುಗನಿಗೆ (ಯ²+9)/(ಯ+3) ಕೊಡಿ. ಅದೇ ಕೈಚಳಕದಲ್ಲಿ ಮತ್ತೆ ಯ+3 ಬರೆಯುತ್ತಾನೆ. ಯ=2 ಹಾಕಿದರೆ ಮೂಲ 13/5, ಅವನದು 5. ಈ ಬೀಜೋಕ್ತಿ ಸುಲಭವಾಗುವುದೇ ಇಲ್ಲ, ಹಾಗೇ ಬಿಡಬೇಕು. ಉತ್ತರವಷ್ಟೇ ನೋಡಿ ರೈಟ್ ಹಾಕುವ ಶಿಕ್ಷಕರು, ಪಾಲಕರು ದಯವಿಟ್ಟು ಇಂಥ ಕಡೆ ನಡುವಿನ ಸಾಲನ್ನೂ ನೋಡಿ. 16/64ರಲ್ಲಿ ಎರಡು 6 ಹೊಡೆದರೂ 1/4 ಬರುತ್ತದೆ. ಹಾಗೆಂದು 6 ಹೊಡೆಯುವುದು ನಿಯಮವಾಗುವುದಿಲ್ಲ.

ಮಕ್ಕಳಿಗೆ ಒಂದು ಕಟ್ಟುನಿಟ್ಟು ಹಾಕಿಕೊಡಿ: ಅಂಶ ಮತ್ತು ಛೇದ ಎರಡೂ ಪೂರ್ತಿ ಗುಣಾಕಾರದ ರೂಪಕ್ಕೆ ಬರುವವರೆಗೆ ಹೊಡೆಯುವ ಗೀಟು ಎಳೆಯಬಾರದು. ಹೊಡೆಯುವಾಗಲೂ ಒಂದು ಸಂಖ್ಯೆಯ ಮೇಲಲ್ಲ, ಇಡೀ ಆವರಣದ ಮೇಲೆ ಗೀಟು ಬರಬೇಕು.

## ಲಕ್ಷಣ: ಹೊಡೆಯುವಂಥದ್ದು ಏನೂ ಸಿಗುತ್ತಿಲ್ಲ

ಮೇಲಿನ ಎಚ್ಚರಿಕೆ ಕಲಿತ ಮಗು ಮುಂದೆ ಬಂದು ನಿಲ್ಲುವುದು ಇಲ್ಲಿ. ಕೊರತೆ ಇರುವುದು ಅಪವರ್ತಿಸುವುದರಲ್ಲಿ. ಹಗುರದಿಂದ ಕಷ್ಟದ ಕಡೆಗೆ ಹೋಗಿ. ಮೊದಲು ಎಲ್ಲ ಪದಗಳಲ್ಲೂ ಇರುವ ಸಂಖ್ಯೆ ಅಥವಾ ಅಕ್ಷರ ಹೊರಗೆ ತೆಗೆಯಿರಿ. ಆಮೇಲೆ ಎರಡು ವರ್ಗಗಳ ವ್ಯತ್ಯಾಸ ಇದೆಯೇ ನೋಡಿ. ಕೊನೆಗೆ ಮೂರು ಪದ ಇದ್ದರೆ ನಡುವಿನ ಪದ ಒಡೆಯಿರಿ. ಬಹಳ ಮಂದಿ ಮೊದಲ ಹಂತ ಬಿಟ್ಟು ನೇರ ಮೂರನೆಯದಕ್ಕೆ ಜಿಗಿದು ಸಿಕ್ಕಿಹಾಕಿಕೊಳ್ಳುತ್ತಾರೆ.

ಒಂದು ಲೆಕ್ಕ: (2ಯ²−18)/(ಯ²+5ಯ+6). ಮೇಲೆ 2 ಹೊರಗೆ ತೆಗೆದರೆ 2(ಯ²−9), ಅದು 2(ಯ−3)(ಯ+3). ಕೆಳಗೆ ಗುಣಿಸಿದರೆ 6, ಕೂಡಿದರೆ 5 ಆಗುವ ಜೋಡಿ 2 ಮತ್ತು 3, ಅಂದರೆ (ಯ+2)(ಯ+3). ಯ+3 ಹೋಯಿತು. ಉಳಿದದ್ದು 2(ಯ−3)/(ಯ+2). ಇಲ್ಲಿಗೆ ನಿಲ್ಲಿಸಿ. ಮೇಲೆ ಒಂದು 2, ಕೆಳಗೆ ಒಂದು 2 ಕಾಣುತ್ತಿವೆ, ಕೈ ತುರಿಸುತ್ತದೆ. ಕೆಳಗಿನ 2 ಅಪವರ್ತನವಲ್ಲ, ಯ ಜೊತೆ ಕೂಡಿಕೊಂಡ ಪದ. ಯ=5 ಹಾಕಿ ನೋಡಿ: ಮೂಲ 32/56 ಅಂದರೆ 4/7, ಉತ್ತರವೂ 4/7.

ಅಪವರ್ತಿಸಿದ್ದು ಸರಿಯೇ ಎಂದು ನೋಡಲು 10 ಚಿನ್ನದಂಥ ಸಂಖ್ಯೆ. ಯ²+5ಯ+6 ಯಲ್ಲಿ ಯ=10 ಹಾಕಿದರೆ ಸಹಗುಣಕಗಳೇ ಅಂಕಿಗಳಾಗಿ 156 ಬರುತ್ತದೆ. (ಯ+2)(ಯ+3) ಆಗ 12×13, ಅದೂ 156. ಶಹಾಬಾದ್ ಫರಸಿ ಹಾಸಿದ ಪಡಸಾಲೆಯ ಕ್ಷೇತ್ರಫಲ 156 ಚದರಡಿ ಗೊತ್ತಿದೆ, ಉದ್ದ ಅಗಲ ಹುಡುಕಬೇಕು ಅಂದರೆ ಮಾಡುವ ಕೆಲಸವೂ ಇದೇ.

ಒಂದು ಕಡೆ ನಿಲ್ಲಬೇಕು. ಯ²+4, ಯ²+9 ರಂಥವನ್ನು ಶಾಲೆಯ ಸಂಖ್ಯೆಗಳಲ್ಲಿ ಅಪವರ್ತಿಸಲು ಬರುವುದಿಲ್ಲ. ಯ²+4 ಅನ್ನು (ಯ+2)² ಎಂದು ಬರೆಯುವುದು ಬೇರೊಂದು ತಪ್ಪು; ಅದರಲ್ಲಿ ನಡುವೆ 4ಯ ಕೂಡ ಇರುತ್ತದೆ. ಐದು ನಿಮಿಷ ಹುಡುಕಿ ಸಿಗದಿದ್ದರೆ ಹಾಗೇ ಬಿಟ್ಟು ಮುಂದೆ ಹೋಗಿ.

## ಲಕ್ಷಣ: ಎಲ್ಲ ಸರಿ, ಕೊನೆಯ ಸಂಖ್ಯೆಯ ಚಿಹ್ನೆ ಮಾತ್ರ ಬೇರೆ

ಭಿನ್ನರಾಶಿಯ ಹಿಂದೆ ಇರುವ ಮೈನಸ್ ಮೇಲೆ ಕಣ್ಣಿಡಿ. (5ಯ+1)/4 − (ಯ−3)/4 ಎಂಬುದನ್ನು (5ಯ+1−ಯ−3)/4 ಎಂದು ಬರೆದರೆ ಕೆಟ್ಟಿತು. ಗೆರೆಗೆ ಆವರಣದ ಶಕ್ತಿ ಇದೆ, ಅದು ಮೇಲಿನ ಯ−3 ಅನ್ನು ಕಟ್ಟಿ ಹಿಡಿದಿದೆ. ಎರಡು ಗೆರೆ ಸೇರಿ ಒಂದಾದ ಕ್ಷಣ ಆ ಕಟ್ಟು ಬಿಚ್ಚಿಹೋಗುತ್ತದೆ. ಆದ್ದರಿಂದ ಆವರಣವನ್ನು ಕೈಯಾರೆ ಹಾಕಬೇಕು: (5ಯ+1−(ಯ−3))/4. ಬಿಡಿಸಿದರೆ (4ಯ+4)/4, ಅಂದರೆ ಯ+1. ಯ=3 ಹಾಕಿ: ಮೂಲ 16/4 − 0, ಅಂದರೆ 4. ಉತ್ತರವೂ 4. ತಪ್ಪು ಸಾಲಿನಲ್ಲಿ 10/4 ಬರುತ್ತದೆ.

ಆವರಣ ಹಾಕುವ ಸಾಲನ್ನು ಉಳಿಸಲು ಹೋಗಿ ಮನಸ್ಸಿನಲ್ಲೇ ಮಾಡುವವರು ಹತ್ತರಲ್ಲಿ ಹಲವು ಸಲ ಇಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಒಂದು ಸಾಲು ಹೆಚ್ಚು ಬರೆಯಿರಿ.

ಇದರ ತಮ್ಮ ಇನ್ನೊಂದು: ಛೇದಗಳು ಒಂದಕ್ಕೊಂದು ಉಲ್ಟಾ ಇರುವುದು. 2/(ಯ−5) + 3/(5−ಯ) ನೋಡಿದಾಗ ಲ.ಸಾ.ಅ. (ಯ−5)(5−ಯ) ಎಂದು ಬರೆಯುವ ಅಗತ್ಯವಿಲ್ಲ. 5−ಯ ಎಂದರೆ −(ಯ−5). ಮೈನಸ್ ಹೊರಗೆ ತೆಗೆದರೆ 2/(ಯ−5) − 3/(ಯ−5), ಉತ್ತರ −1/(ಯ−5). ಉತ್ತರಪಟ್ಟಿಯಲ್ಲಿ 1/(5−ಯ) ಎಂದಿದ್ದರೆ ಗಾಬರಿ ಬೇಡ, ಎರಡೂ ಒಂದೇ. (ಯ+1)/2 ಮತ್ತು ಯ/2 + 1/2 ಕೂಡ ಹಾಗೇ. ಸಂಖ್ಯೆ ಹಾಕಿದಾಗ ಬೆಲೆ ಹೊಂದಿದರೆ ಅದು ದೋಷವಲ್ಲ, ಉಡುಪು ಬೇರೆ ಅಷ್ಟೇ.

## ಲಕ್ಷಣ: ಕೂಡಿದ ಮೇಲೆ ಉತ್ತರ ಕಡಿಮೆ ಆಗಿದೆ

ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಟ್ಟಿದ್ದೀರಿ. 1/2 + 1/2 ಹೀಗೆ ಕೂಡಿದರೆ 2/4, ಅಂದರೆ ಎರಡು ಅರ್ಧ ರೊಟ್ಟಿ ಸೇರಿ ಅರ್ಧ ರೊಟ್ಟಿ. ಸಂಖ್ಯೆಯಲ್ಲಿ ಯಾರೂ ಒಪ್ಪದ ಇದನ್ನು ಅಕ್ಷರ ಬಂದ ಕೂಡಲೆ ಕೈ ಮಾಡಿಬಿಡುತ್ತದೆ.

ಕಲಬುರಗಿಯಿಂದ ಬೀದರ್‌ಗೆ 110 ಕಿ.ಮೀ. ಎಂದು ಇಟ್ಟುಕೊಳ್ಳಿ. ಹೋಗುವಾಗ ಗಂಟೆಗೆ ಯ ಕಿ.ಮೀ., ಬರುವಾಗ ಯ+11 ಕಿ.ಮೀ. ವೇಗ. ಒಟ್ಟು ಸಮಯ 110/ಯ + 110/(ಯ+11). ತಪ್ಪಾಗಿ ಕೂಡಿದರೆ 220/(2ಯ+11). ಯ=44 ಹಾಕಿ. ಹೋಗಲು 110/44, ಅಂದರೆ ಎರಡೂವರೆ ಗಂಟೆ. ಬರಲು 110/55, ಅಂದರೆ 2 ಗಂಟೆ. ಒಟ್ಟು ನಾಲ್ಕೂವರೆ. ತಪ್ಪು ಉತ್ತರ 220/99, ಸುಮಾರು 2.2 ಗಂಟೆ. ಹೋಗಿ ಬರುವ ಸಮಯ ಬರೀ ಹೋಗುವ ಸಮಯಕ್ಕಿಂತ ಕಡಿಮೆ ಆಗುವುದು ಹೇಗೆ? ಸರಿಯಾದದ್ದು 110(2ಯ+11)/(ಯ(ಯ+11)). ಇದರಲ್ಲಿ 44 ಹಾಕಿದರೆ ನಾಲ್ಕೂವರೆಯೇ ಬರುತ್ತದೆ.

ಧನ ಸಂಖ್ಯೆಗಳನ್ನು ಕೂಡಿದಾಗ ಉತ್ತರ ಪ್ರತಿಯೊಂದಕ್ಕಿಂತ ದೊಡ್ಡದಿರಬೇಕು. ಇದೊಂದನ್ನು ನೋಡಿದರೆ ಸಾಕು, ಈ ದೋಷ ತಪ್ಪಿಸಿಕೊಳ್ಳುವುದಿಲ್ಲ.

## ಲಕ್ಷಣ: ಲೆಕ್ಕ ಉಬ್ಬುತ್ತ ಹೋಗಿ ಪುಟ ತುಂಬಿದೆ

ಯ⁴, ಯ³ ಕಾಣಿಸಿಕೊಂಡವು, ನಾಲ್ಕು ಅಂಕಿಯ ಸಹಗುಣಕ ಬಂದವು. ಬಹುಶಃ ತಪ್ಪೇನೂ ಆಗಿಲ್ಲ, ಆದರೆ ದಾರಿ ದೂರದ್ದು. 1/(ಯ²−4) + 1/(ಯ²+4ಯ+4) ತೆಗೆದುಕೊಳ್ಳಿ. ಎರಡು ಛೇದಗಳನ್ನು ನೇರ ಗುಣಿಸಿದರೆ ಕೆಳಗೆ ಯ⁴+4ಯ³−16ಯ−16, ಮೇಲೆ 2ಯ²+4ಯ. ಇದು ಸರಿಯೇ. ಆದರೆ ಕೆಳಗಿನದನ್ನು ಮತ್ತೆ ಒಡೆದು ಸುಲಭ ಮಾಡುವುದು ಯಾರಿಗೆ ಬೇಕು?

ಗುಣಿಸುವ ಮೊದಲೇ ಒಡೆಯಿರಿ. ಮೊದಲ ಛೇದ (ಯ−2)(ಯ+2), ಎರಡನೆಯದು (ಯ+2)(ಯ+2). ಲ.ಸಾ.ಅ.ಗೆ ಪ್ರತಿ ಅಪವರ್ತನ ಹೆಚ್ಚೆಂದರೆ ಎಷ್ಟು ಸಲ ಬಂದಿದೆಯೋ ಅಷ್ಟು ಸಲ: (ಯ−2)(ಯ+2)². ಮೊದಲ ಭಿನ್ನರಾಶಿಗೆ ಕಡಿಮೆ ಬಿದ್ದದ್ದು ಯ+2, ಎರಡನೆಯದಕ್ಕೆ ಯ−2. ಅಂಶಗಳು (ಯ+2)+(ಯ−2), ಅಂದರೆ 2ಯ. ಉತ್ತರ 2ಯ/((ಯ−2)(ಯ+2)²). ಯ=3 ಹಾಕಿದರೆ ಎರಡೂ ಕಡೆ 6/25.

ಈ ಉಪಾಯಕ್ಕೂ ನಮ್ಮ ಮಣ್ಣಿಗೂ ಹಳೆಯ ನಂಟಿದೆ. ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಊರು, ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಭಿನ್ನರಾಶಿ ಕೂಡುವಾಗ ಛೇದಗಳನ್ನು ಸುಮ್ಮನೆ ಗುಣಿಸದೆ ಲ.ಸಾ.ಅ. ಬಳಸಿ ಕೆಲಸ ತಗ್ಗಿಸುವ ವಿಧಾನ ಅದರಲ್ಲಿದೆ. ಅವನು ಅದನ್ನು ನಿರುದ್ಧ ಎಂದು ಕರೆದ. ಮಳಖೇಡದ ಕೋಟೆ ನೋಡಲು ಹೋದಾಗ ಮಕ್ಕಳಿಗೆ ಇದನ್ನೂ ಹೇಳಿ.

## ಲಕ್ಷಣ: ಛೇದವೇ ಉಳಿದಿಲ್ಲ

ಯ/2 + ಯ/3 ಸುಲಭೀಕರಿಸಿ ಎಂದರೆ 3ಯ+2ಯ, ಉತ್ತರ 5ಯ ಎಂದು ಬರೆದಿದ್ದೀರಿ. ಯ=6 ಹಾಕಿ: ಮೂಲ 3+2, ಅಂದರೆ 5. ನಿಮ್ಮದು 30. ಆರು ಪಟ್ಟು. ಬೇರೆ ಸಂಖ್ಯೆ ಹಾಕಿದರೂ ಆರೇ ಪಟ್ಟು. ಆ 6 ನಿಮ್ಮ ಲ.ಸಾ.ಅ. ಸರಿ ಉತ್ತರ 5ಯ/6.

ಸಮೀಕರಣ ಬಿಡಿಸುವುದನ್ನು ಚೆನ್ನಾಗಿ ಕಲಿತವರೇ ಈ ತಪ್ಪು ಹೆಚ್ಚು ಮಾಡುತ್ತಾರೆ. ಸಮ ಚಿಹ್ನೆ ಇದ್ದರೆ ಅದು ತಕ್ಕಡಿ, ಎರಡೂ ತಟ್ಟೆಯನ್ನು 6ರಿಂದ ಗುಣಿಸಿದರೆ ಸಮತೋಲ ಕೆಡುವುದಿಲ್ಲ, ಛೇದ ಹೋಗುತ್ತದೆ. ಬರೀ ಬೀಜೋಕ್ತಿಗೆ ಇನ್ನೊಂದು ತಟ್ಟೆಯೇ ಇಲ್ಲ. ಅದನ್ನು 6ರಿಂದ ಗುಣಿಸಿದರೆ ಅದು ಆರು ಪಟ್ಟಾಗುತ್ತದೆ, ಅಷ್ಟೇ. ಅಡ್ಡ ಗುಣಾಕಾರಕ್ಕೂ ಇದೇ ಮಾತು: ಎರಡು ಭಿನ್ನರಾಶಿಗಳ ನಡುವೆ ಸಮ ಚಿಹ್ನೆ ಇದ್ದರೆ ಮಾತ್ರ. ಪ್ರಶ್ನೆ ಓದುವಾಗಲೇ ಸಮ ಚಿಹ್ನೆ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿ.

## ಲಕ್ಷಣ: ಭಿನ್ನರಾಶಿಯ ಮೇಲೆ ಭಿನ್ನರಾಶಿ, ಉತ್ತರ ತಲೆಕೆಳಗು

ಭಾಗಾಕಾರದಲ್ಲಿ ತಿರುಗಿಸಬೇಕಾದದ್ದು ಭಾಗಿಸುವ ಭಿನ್ನರಾಶಿಯನ್ನು ಮಾತ್ರ. ಮೊದಲನೆಯದನ್ನು ತಿರುಗಿಸಿದರೆ ನಿಮ್ಮ ಬೆಲೆ ಮತ್ತು ಸರಿ ಬೆಲೆ ಗುಣಿಸಿದಾಗ 1 ಬರುತ್ತದೆ. ಅದು ಸುಲಭದ ಪತ್ತೆ.

ಕಷ್ಟದ್ದು ಮೊತ್ತವನ್ನು ತಿರುಗಿಸುವಾಗ ಬರುತ್ತದೆ. 1/(1/ಅ + 1/ಬ) ಎಂಬುದನ್ನು ಅ+ಬ ಎಂದು ಬರೆಯುವುದು. ಶಹಾಪುರ, ಸುರಪುರ ಕಡೆ ಕೃಷಿ ಹೊಂಡಕ್ಕೆ ಎರಡು ಪಂಪ್ ಹಚ್ಚಿದ್ದಾರೆ ಅಂದುಕೊಳ್ಳಿ. ಒಂದೇ ಓಡಿದರೆ ಹೊಂಡ ತುಂಬಲು 6 ಗಂಟೆ, ಇನ್ನೊಂದಕ್ಕೆ 3 ಗಂಟೆ. ಎರಡೂ ಸೇರಿ ಓಡಿದರೆ 9 ಗಂಟೆ ಹಿಡಿಯುವುದೇ? ಗಂಟೆಗೆ ಒಂದು 1/6 ತುಂಬುತ್ತದೆ, ಇನ್ನೊಂದು 1/3, ಸೇರಿ 1/2. ಹೊಂಡ 2 ಗಂಟೆಯಲ್ಲಿ ತುಂಬಿತು. ಮೊದಲು ಕೂಡಿ ಒಂದೇ ಭಿನ್ನರಾಶಿ ಮಾಡಬೇಕು, ಆಮೇಲೆ ತಿರುಗಿಸಬೇಕು: ಕೂಡಿದರೆ (ಅ+ಬ)/(ಅ×ಬ), ತಿರುಗಿಸಿದರೆ (ಅ×ಬ)/(ಅ+ಬ). 18/9, ಅದೇ 2.

ಮೂರು ಗೆರೆ ಇರುವ ಲೆಕ್ಕದಲ್ಲಿ ಮುಖ್ಯ ಗೆರೆಯನ್ನು ಉದ್ದ ಎಳೆಯಿರಿ, ಸಮ ಚಿಹ್ನೆಯನ್ನು ಆ ಗೆರೆಯ ನೇರಕ್ಕೇ ಬರೆಯಿರಿ. ಯಾವುದು ಯಾವುದನ್ನು ಭಾಗಿಸುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

## ಅಪಾಯದ ಜಾಗ: ಛೇದ ಸೊನ್ನೆ

ಇದೊಂದನ್ನು ಲಘುವಾಗಿ ನೋಡಬೇಡಿ. (ಯ²−9)/(ಯ−3) ಸುಲಭವಾಗಿ ಯ+3 ಆಯಿತು. ಯ=3 ಹಾಕಿದರೆ ಉತ್ತರದಲ್ಲಿ 6 ಬರುತ್ತದೆ, ಮೂಲದಲ್ಲಿ 0/0. ಮೂಲಕ್ಕೆ ಅಲ್ಲಿ ಬೆಲೆಯೇ ಇಲ್ಲ. ಆದ್ದರಿಂದ ಉತ್ತರದ ಪಕ್ಕ ಯ ≠ 3 ಎಂದು ಬರೆಯಬೇಕು. ಹೊಡೆದು ಹಾಕಿದ ಪ್ರತಿ ಅಪವರ್ತನವನ್ನೂ ಸೊನ್ನೆ ಮಾಡುವ ಸಂಖ್ಯೆಯನ್ನು ಹೀಗೆ ಗುರುತಿಸಿಡಿ. ಹೊಡೆದ ಮೇಲೆ ಅದು ಪುಟದಿಂದ ಕಾಣೆಯಾಗುತ್ತದೆ, ನಿರ್ಬಂಧ ಕಾಣೆಯಾಗುವುದಿಲ್ಲ.

ಸಮೀಕರಣದಲ್ಲಿ ಇದು ನೇರ ಅಂಕಕ್ಕೆ ಹೊಡೆತ. ಯ/(ಯ−3) = 3/(ಯ−3) ಬಿಡಿಸಿದರೆ ಯ=3 ಬರುತ್ತದೆ, ಆದರೆ 3 ಹಾಕಿದರೆ ಛೇದ ಸೊನ್ನೆ. ಈ ಸಮೀಕರಣಕ್ಕೆ ಪರಿಹಾರವಿಲ್ಲ. ಇನ್ನೊಂದು ಬದಿಯ ತಪ್ಪು: ಯ² = 3ಯ ಇದ್ದಾಗ ಎರಡೂ ಕಡೆ ಯ ಹೊಡೆದು ಯ=3 ಎಂದಷ್ಟೇ ಬರೆಯುವುದು. ಯ ಸೊನ್ನೆಯೂ ಆಗಬಹುದಿತ್ತು, ಆ ಉತ್ತರ ಕಳೆದುಹೋಯಿತು. ಸೊನ್ನೆಯಾಗಬಹುದಾದದ್ದರಿಂದ ಭಾಗಿಸದೆ ಒಂದೇ ಕಡೆ ತಂದು ಅಪವರ್ತಿಸಿ.

ಗಣಿತಸಾರಸಂಗ್ರಹದಲ್ಲೇ ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂಬ ಮಾತಿದೆ. ಇಂದಿನ ಗಣಿತ ಅದನ್ನು ಒಪ್ಪುವುದಿಲ್ಲ, ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವೇ ಇಲ್ಲ ಎನ್ನುತ್ತದೆ. ಲ.ಸಾ.ಅ.ದ ದಾರಿ ತೋರಿದ ಪಂಡಿತನಿಗೂ ಸಿಕ್ಕದ ಸೂಕ್ಷ್ಮ ಇದು, ಮಗು ಇಲ್ಲಿ ಎಡವಿದರೆ ಬೈಯಬೇಡಿ, ಕೂತು ತೋರಿಸಿ.

## ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಅಕ್ಷರವಿಲ್ಲದ 2/3 + 1/4 ಕೊಟ್ಟಾಗ 11/12 ಬರದಿದ್ದರೆ ಬೀಜೋಕ್ತಿಯನ್ನು ಅಲ್ಲಿಗೇ ಮುಚ್ಚಿಡಿ. ದೋಷ ಕೆಳಗಿನ ತರಗತಿಯಲ್ಲಿದೆ, ಭಿನ್ನರಾಶಿಯ ಅಧ್ಯಾಯ ಮತ್ತೊಮ್ಮೆ ಓದಬೇಕು. ಹತ್ತನೇ ತರಗತಿಯಲ್ಲಿ ಐದಾರನೇ ತರಗತಿಯ ಪುಸ್ತಕ ತೆಗೆಯಲು ನಾಚಿಕೆ ಬೇಡ, ಒಂದು ವಾರ ದಿನಕ್ಕೆ ಹತ್ತು ಲೆಕ್ಕ ಮಾಡಿದರೆ ಹಿಡಿತ ಬರುತ್ತದೆ. ಗುಣಾಕಾರವೇ ತಡವರಿಸಿದರೆ 20ರವರೆಗಿನ ಮಗ್ಗಿ ಮೊದಲು. ಮಗ್ಗಿ ಬಾಯಿಗೆ ಬರದೆ ನಡುವಿನ ಪದ ಒಡೆಯುವ ಜೋಡಿ ಸಿಗುವುದಿಲ್ಲ.

ಒಂದೇ ಲೆಕ್ಕಕ್ಕೆ ಮೂರು ಸಲ ಮೂರು ಬೇರೆ ಉತ್ತರ ಬಂದರೆ ಆ ದಿನಕ್ಕೆ ಸಾಕು. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕೂತು ನಾಲ್ಕನೇ ಸಲ ಮಾಡುವುದಕ್ಕಿಂತ ಮರುದಿನ ಬೆಳಿಗ್ಗೆ ಮಾಡುವುದು ಲೇಸು. ತಪ್ಪಿದ ಪುಟ ಹರಿಯಬೇಡಿ, ರಬ್ಬರಿನಿಂದ ಅಳಿಸಲೂ ಬೇಡಿ. ಒಂದು ಅಡ್ಡಗೀಟು ಸಾಕು. ಅಳಿಸಿದರೆ ತಪ್ಪು ಎಲ್ಲಾಯಿತು ಎಂದು ತೋರಿಸಲು ಏನೂ ಉಳಿಯುವುದಿಲ್ಲ.

ಎರಡು ಸಂಖ್ಯೆ ಹಾಕಿದಾಗಲೂ ನಿಮ್ಮ ಉತ್ತರ ಹೊಂದುತ್ತಿದೆ, ಗೈಡಿನ ಉತ್ತರ ಹೊಂದುತ್ತಿಲ್ಲ ಎಂದಾದರೆ ಅಚ್ಚಿನ ತಪ್ಪಿರಬಹುದು. ನಿಮ್ಮದನ್ನು ಅಳಿಸಿ ಗೈಡಿನದನ್ನು ಬರೆದುಕೊಳ್ಳಬೇಡಿ, ಶಿಕ್ಷಕರಿಗೆ ತೋರಿಸಿ.

ಶಿಕ್ಷಕರ ಹತ್ತಿರ ಹೋಗುವಾಗ "ಬರಲಿಲ್ಲ ಸರ್" ಎಂದಷ್ಟೇ ಹೇಳಿದರೆ ಅವರು ಮೊದಲಿಂದ ಬಿಡಿಸಿ ತೋರಿಸುತ್ತಾರೆ, ನಿಮ್ಮ ದೋಷ ಹಾಗೇ ಉಳಿಯುತ್ತದೆ. ಪುಸ್ತಕದ ಪ್ರಶ್ನೆ, ನೀವು ಬಿಡಿಸಿದ ಪೂರ್ತಿ ಪುಟ, ಹಾಕಿ ನೋಡಿದ ಸಂಖ್ಯೆ, ಬೆಲೆ ಹೊಂದಿದ ಕೊನೆಯ ಸಾಲು, ಹೊಂದದ ಮೊದಲ ಸಾಲು, ಇಷ್ಟನ್ನು ಗುರುತು ಮಾಡಿ ಒಯ್ಯಿರಿ. ಆ ಎರಡು ಸಾಲಿನ ನಡುವೆ ಏನು ಮಾಡಿದಿರಿ ಎಂದು ಬಾಯಿಬಿಟ್ಟು ಹೇಳಲು ಶುರು ಮಾಡಿದರೆ, ಎಷ್ಟೋ ಸಲ ಶಿಕ್ಷಕರು ಬಾಯಿ ತೆರೆಯುವ ಮೊದಲೇ ತಪ್ಪು ನಿಮಗೇ ಕಾಣುತ್ತದೆ.